ಕಣ್ಣಿನ ಪ್ರೆಶರ್ ಇದ್ದವರು ವ್ಯಾಯಾಮ ಮಾಡುವುದು ಹೇಗೆ?

'ಕಣ್ಣಿನ ಪ್ರೆಶರ್ ಜಾಸ್ತಿ ಇದೆ ಅಂದಿದ್ದಾರೆ, ವಾಕಿಂಗ್ ಬಿಡಬೇಕಾ?' 'ಜಿಮ್‌ಗೆ ಹೋಗಬಹುದಾ?' 'ಶೀರ್ಷಾಸನ ಹಾಕಿದರೆ ಕಣ್ಣಿಗೆ ಒಳ್ಳೇದಂತೆ, ಹೌದಾ?'

ದಾವಣಗೆರೆಯಲ್ಲಿ ಕಣ್ಣಿನ ಪ್ರೆಶರ್ ಅಳೆಯುವ ಕೆಲಸದಲ್ಲಿರುವ ನನಗೆ ಈ ಮೂರು ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಲ್ಲಿ ಎಲ್ಲರೂ ಇದ್ದಾರೆ. ಕುಂದವಾಡ ಕೆರೆ ಸುತ್ತುವ ನಿವೃತ್ತ ಮೇಷ್ಟ್ರು, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲಿ, ಸಂಜೆ ಜಿಮ್‌ಗೆ ಹೋಗುವ ಇಂಜಿನಿಯರಿಂಗ್ ಹುಡುಗ, ಯೋಗ ಕ್ಲಾಸಿನ ಅಕ್ಕಂದಿರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬೇಕು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿಕೊಂಡು ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಿದರೆ ಸಾಕು.

ಅವಸರದಲ್ಲಿರುವವರಿಗೆ ಉತ್ತರ ಇಷ್ಟು: ನಡೆಯಿರಿ. ಉಸಿರು ಕಟ್ಟಬೇಡಿ. ತಲೆ ಕೆಳಗೆ ಮಾಡಬೇಡಿ. ಡ್ರಾಪ್ಸ್ ನಿಲ್ಲಿಸಬೇಡಿ. ಯಾಕೆ, ಹೇಗೆ ಅನ್ನೋದು ಬೇಕಿದ್ದವರು ಮುಂದೆ ಓದಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಕಣ್ಣಿನ ಪ್ರೆಶರ್ ಬೇರೆ, ಬಿಪಿ ಬೇರೆ. ತೋಳಿಗೆ ಪಟ್ಟಿ ಸುತ್ತಿ ನೋಡುವುದು ರಕ್ತದೊತ್ತಡ. ಕಣ್ಣಿನ ಪ್ರೆಶರ್ ಅಂದರೆ ಕಣ್ಣುಗುಡ್ಡೆಯ ಒಳಗಿನ ದ್ರವದ ಒತ್ತಡ. ಬಿಪಿ ಮಾತ್ರೆ ನುಂಗುತ್ತಿದ್ದೇನೆ, ಹಾಗಾಗಿ ಕಣ್ಣಿನದೂ ಸರಿಯಾಗಿದೆ ಅಂದುಕೊಳ್ಳಬೇಡಿ. ಬಿಪಿ ಎಂದೂ ಬಾರದವರಿಗೂ ಕಣ್ಣಿನ ಪ್ರೆಶರ್ ಏರಿರುವುದುಂಟು.

ಕಣ್ಣಿನ ಮುಂಭಾಗದಲ್ಲಿ ನೀರಿನಂಥ ತಿಳಿ ದ್ರವ ಸದಾ ಹುಟ್ಟುತ್ತಿರುತ್ತದೆ. ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತ ಎಷ್ಟೋ ಕಡಿಮೆ. ಹುಟ್ಟಿದಷ್ಟೇ ಹೊರಗೆ ಹೋಗಬೇಕು. ಕಪ್ಪು ಗುಡ್ಡೆಯ ಅಂಚಿನಲ್ಲಿ, ಕಾರ್ನಿಯಾ (ಕಣ್ಣಿನ ಮುಂದಿನ ಗಾಜಿನಂಥ ಪದರ) ಮತ್ತು ಐರಿಸ್ (ಅದರ ಹಿಂದಿನ ಬಣ್ಣದ ಪರದೆ) ಸೇರುವ ಮೂಲೆಯಲ್ಲಿ, ಜರಡಿಯಂಥ ದಾರಿಯಿದೆ. ದ್ರವ ಅದರಲ್ಲಿ ಸೋಸಿಕೊಂಡು ರಕ್ತನಾಳ ಸೇರುತ್ತದೆ. ಕೆರೆಗೆ ನೀರು ಎಂದಿನಷ್ಟೇ ಬರುತ್ತಿದ್ದು ತೂಬು ಕಟ್ಟಿಕೊಂಡರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಒಳಗಿನ ಒತ್ತಡ ಏರಿ, ಹಿಂಭಾಗದಲ್ಲಿ ಮೆದುಳಿಗೆ ಹೋಗುವ ದೃಷ್ಟಿನರ ನಿಧಾನವಾಗಿ ಸವೆಯುತ್ತದೆ. ಈ ನರ ಸವೆಯುವ ಕಾಯಿಲೆಗೇ ಗ್ಲಾಕೋಮಾ ಅನ್ನುವುದು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು. ಭಾರತದಲ್ಲಿ 40 ದಾಟಿದವರಲ್ಲಿ 1 ಕೋಟಿಗೂ ಹೆಚ್ಚು ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲೇ ಅಂದಾಜು ಮಾಡಿದ್ದರು. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಮುಕ್ಕಾಲುಪಾಲು ಕೇಸುಗಳಲ್ಲಿ ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ.

ಸಾಮಾನ್ಯ ಒತ್ತಡ 10ರಿಂದ 21 ಅನ್ನುತ್ತಾರೆ. ಇದು ಪಾದರಸದ ಮಿಲಿಮೀಟರ್ ಲೆಕ್ಕ, ಬಿಪಿಗೆ ಬಳಸುವ ಅದೇ ಅಳತೆ. ಆದರೆ 21 ಅನ್ನುವುದು ಲಕ್ಷ್ಮಣರೇಖೆಯಲ್ಲ. 18 ಇದ್ದೂ ನರ ಹಾಳಾದವರಿದ್ದಾರೆ. 24 ಇದ್ದೂ ವರ್ಷಗಟ್ಟಲೆ ಏನೂ ಆಗದವರಿದ್ದಾರೆ.

ಹಂತ 1: ನಿಮ್ಮ ಕಣ್ಣಿನ ಕತೆ ಏನು, ತಿಳಿದುಕೊಳ್ಳಿ

ವ್ಯಾಯಾಮ ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ನಾಲ್ಕು ವಿಷಯ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಒಂದು, ಎರಡೂ ಕಣ್ಣಿನ ಪ್ರೆಶರ್ ಎಷ್ಟು, ಯಾವ ಹೊತ್ತಿನಲ್ಲಿ ನೋಡಿದ್ದು. ಇದು ದಿನವಿಡೀ ಒಂದೇ ಸಮ ಇರುವುದಿಲ್ಲ. ಬಹಳ ಜನರಿಗೆ ಬೆಳಗಿನ ಜಾವ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ. ಮಲಗಿದಾಗ ಕೂತಾಗಿಗಿಂತ ಕೆಲವು ಅಂಕ ಹೆಚ್ಚು.

ಎರಡು, ಕಾರ್ನಿಯಾ ದಪ್ಪ ಎಷ್ಟು. ಇದು ತೆಳುವಾಗಿದ್ದರೆ ಯಂತ್ರ ಕಡಿಮೆ ತೋರಿಸುತ್ತದೆ, ದಪ್ಪ ಇದ್ದರೆ ಹೆಚ್ಚು ತೋರಿಸುತ್ತದೆ. ಕನ್ನಡಕ ತೆಗೆಸಲು ಲೇಸರ್ ಮಾಡಿಸಿಕೊಂಡವರು ಇದನ್ನು ಹೇಳಲು ಮರೆಯಬಾರದು. ಅವರ ಕಾರ್ನಿಯಾ ತೆಳುವಾಗಿರುತ್ತದೆ.

ಮೂರು, 'ಆಂಗಲ್' ತೆರೆದಿದೆಯಾ, ಕಿರಿದಾಗಿದೆಯಾ. ಆಗ ಹೇಳಿದೆನಲ್ಲ, ದ್ರವ ಹೊರಹೋಗುವ ಮೂಲೆ, ಅದಕ್ಕೆ ಆಂಗಲ್ ಅನ್ನುತ್ತಾರೆ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕನ್ನಡಿಯಿರುವ ಸಣ್ಣ ಲೆನ್ಸ್ ತಾಗಿಸಿ ನೋಡುತ್ತಾರೆ. ಇದು ಗೊನಿಯೋಸ್ಕೋಪಿ. ಈ ಪರೀಕ್ಷೆ ಆಗಿರದಿದ್ದರೆ ಕೇಳಿ ಮಾಡಿಸಿಕೊಳ್ಳಿ.

ನಾಲ್ಕು, ನರಕ್ಕೆ ಎಷ್ಟು ಪೆಟ್ಟಾಗಿದೆ. ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುತ್ತೀರಲ್ಲ, ಆ ಫೀಲ್ಡ್ ಟೆಸ್ಟ್ ಇದನ್ನು ಹೇಳುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ. ಕ್ಯಾಂಪಿನಲ್ಲಿ ಗಾಳಿ ಊದುವ ಯಂತ್ರದಲ್ಲಿ ಒಮ್ಮೆ ನೋಡಿಸಿ, 'ನಾರ್ಮಲ್' ಅಂದರು ಅಂತ ಮರೆತುಬಿಡುವುದು. ಅದು ಮೊದಲ ಸೋಸುವಿಕೆಗೆ ಚೆನ್ನ. ಚಿಕಿತ್ಸೆ ನಿರ್ಧರಿಸಲು ಡಾಕ್ಟರುಗಳು ನಂಬುವುದು ಗೋಲ್ಡ್‌ಮನ್ ಟೋನೋಮೀಟರ್ ಎಂಬ ನೀಲಿ ಬೆಳಕಿನ ಸಾಧನವನ್ನು. ಮರಗಟ್ಟಿಸುವ ಹನಿ, ಹಳದಿ ಬಣ್ಣ ಹಾಕಿ, ಸಣ್ಣ ಗೊರಟಿನಂಥ ತುದಿಯನ್ನು ಕಣ್ಣಿಗೆ ಮೆಲ್ಲಗೆ ತಾಗಿಸುತ್ತಾರೆ. ನೋಡುವವರಿಗೆ ಹಸಿರು ಹೊಳೆಯುವ ಎರಡು ಅರ್ಧ ಬಳೆ ಕಾಣುತ್ತವೆ. ಗುಂಡಿ ತಿರುಗಿಸುತ್ತಾ ಹೋಗಿ, ಎರಡರ ಒಳ ಅಂಚು ಕೂಡಿದ ಕಡೆ ಅಂಕ ಓದಬೇಕು.

ಈ ಕುರ್ಚಿಯಲ್ಲೇ ಒಂದು ತಮಾಷೆ ದಿನಾ ನಡೆಯುತ್ತದೆ. ಕಣ್ಣಿಗೆ ಏನೋ ತಾಗುತ್ತದೆ ಅನ್ನುವ ಭಯಕ್ಕೆ ಜನ ಉಸಿರು ಬಿಗಿಹಿಡಿಯುತ್ತಾರೆ, ರೆಪ್ಪೆ ಹಿಂಡುತ್ತಾರೆ. ಅಷ್ಟಕ್ಕೇ ಪ್ರೆಶರ್ ಏರಿ ಎರಡು ಅರ್ಧ ಬಳೆಗಳೂ ಒಂದರಿಂದ ಒಂದು ದೂರ ಸರಿದುಬಿಡುತ್ತವೆ. 'ಉಸಿರಾಡಿ ಯಜಮಾನ್ರೇ, ಕಾಲರ್ ಗುಂಡಿ ಬಿಚ್ಚಿ' ಅಂದ ಕೂಡಲೇ ಬಳೆಗಳು ತಮ್ಮ ಜಾಗಕ್ಕೆ ವಾಪಸ್. ಕುರ್ಚಿಯಲ್ಲಿ ಸುಮ್ನೆ ಕೂತು ಉಸಿರು ಹಿಡಿದಾಗಲೇ ಹೀಗಾದರೆ, 50 ಕೆಜಿ ಎತ್ತುತ್ತಾ ಹಿಡಿದಾಗ? ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 2: ನಡಿಗೆಯಿಂದ ಶುರು ಮಾಡಿ

ಚುರುಕಾದ ನಡಿಗೆ, ಸೈಕಲ್, ನಿಧಾನದ ಓಟ ಇವೆಲ್ಲ ಕಣ್ಣಿನ ಪ್ರೆಶರ್ ಇಳಿಸುತ್ತವೆ. 20ರಿಂದ 30 ನಿಮಿಷ ಮಾಡಿದರೆ ಕೆಲವು ಅಂಕ ಇಳಿಯುತ್ತದೆ. ಮೈ ಬೆವರಿದಾಗ ರಕ್ತ ತುಸು ಗಟ್ಟಿಯಾಗಿ ಕಣ್ಣಿನ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದು ಇದಕ್ಕೆ ಒಂದು ಕಾರಣ. ಬೇರೆ ಕಾರಣಗಳೂ ಇವೆ. ಆದರೆ ಈ ಇಳಿಕೆ ತಾತ್ಕಾಲಿಕ. ನೀವು ಮನೆಗೆ ಬಂದು ಸ್ನಾನ ಮಾಡಿ, ದೋಸೆ ತಿಂದು, ಪೇಪರ್ ಮಡಚಿಡುವ ಹೊತ್ತಿಗೆ ಪ್ರೆಶರ್ ಹೆಚ್ಚುಕಮ್ಮಿ ಹಳೇ ಜಾಗಕ್ಕೆ ಬಂದಿರುತ್ತದೆ.

ಹಾಗಾದರೆ ಲಾಭವೇನು ಅಂತೀರಾ? ತಿಂಗಳುಗಟ್ಟಲೆ ಬಿಡದೆ ಮಾಡಿದವರಲ್ಲಿ, ಅದರಲ್ಲೂ ಮೊದಲು ಮೈ ಬಗ್ಗಿಸದೇ ಇದ್ದವರಲ್ಲಿ, ಮೂಲ ಅಂಕವೇ ಸ್ವಲ್ಪ ಕೆಳಗಿಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದೂ ಹೋಗುತ್ತದೆ. ಜೊತೆಗೆ ಶುಗರ್, ಬಿಪಿ ಹತೋಟಿಗೆ ಬರುತ್ತವೆ, ರಕ್ತಸಂಚಾರ ಸುಧಾರಿಸುತ್ತದೆ. ದೃಷ್ಟಿನರಕ್ಕೆ ಅದೂ ಬೇಕು.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಮಧ್ಯಮ ಅಂದರೆ ಜೊತೆಗಾರರ ಹತ್ತಿರ ಮಾತಾಡಬಹುದು, ಹಾಡು ಹೇಳಲಾಗದು, ಅಷ್ಟು ವೇಗ. ಕುಂದವಾಡ ಕೆರೆ ಏರಿಯ ಮೇಲೆ ಸಂಸಾರದ ಕತೆ ಹೇಳಿಕೊಂಡು ಹೆಜ್ಜೆ ಎಣಿಸುವಂಥ ನಡಿಗೆಯನ್ನು ಇದಕ್ಕೆ ಸೇರಿಸಬೇಡಿ. ಮನಸ್ಸಿಗೆ ಹಿತ ಇರಬಹುದು, ಕಣ್ಣಿಗೆ ಅಷ್ಟು ಪ್ರಯೋಜನ ಇಲ್ಲ.

ಇನ್ನು ಎಚ್ಚರಿಕೆಗಳು.

ನೀರು. ನಮ್ಮ ಊರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಬಾಯಿ ಒಣಗಿ ಬಂದವರು ಬಾಟಲಿ ಎತ್ತಿ ಗಟಗಟ ಅಂತ ಒಂದು ಲೀಟರ್ ಮುಗಿಸುತ್ತಾರೆ. ಗ್ಲಾಕೋಮಾ ಇದ್ದವರಲ್ಲಿ ಇದು ಪ್ರೆಶರ್ ಏರಿಸುತ್ತದೆ. ಎಷ್ಟರಮಟ್ಟಿಗೆ ಅಂದರೆ, ಕಣ್ಣಿನ ಜರಡಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನೋಡಲು ರೋಗಿಗೆ ಐದು ನಿಮಿಷದಲ್ಲಿ ಒಂದು ಲೀಟರ್ ನೀರು ಕುಡಿಸಿ ಪ್ರೆಶರ್ ಅಳೆಯುವ ಹಳೆಯ ಪರೀಕ್ಷೆಯೇ ಇದೆ. ನೀರು ಬಿಡಬೇಡಿ, ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಗಂಟೆಯಲ್ಲಿ ಹಂಚಿಕೊಂಡು ಕುಡಿದರೆ ತೊಂದರೆಯಿಲ್ಲ. ಸ್ಟ್ರಾಂಗ್ ಕಾಫಿ ಕೂಡ ಒಂದೆರಡು ಅಂಕ ಏರಿಸಬಹುದು. ದಿನಕ್ಕೆ ಒಂದೆರಡು ಲೋಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕತ್ತಲು. ಫೀಲ್ಡ್ ಟೆಸ್ಟಿನಲ್ಲಿ ಅಂಚಿನ ನೋಟ ಕಡಿಮೆಯಾಗಿದೆ ಅಂತ ಬಂದಿದ್ದರೆ ಬೆಳಗಿನ ಜಾವ ನಾಲ್ಕೂವರೆಗೆ ರಸ್ತೆಗಿಳಿಯಬೇಡಿ. ಪಕ್ಕದಿಂದ ಬರುವ ಬೈಕು, ಕಾಲಡಿಯ ಹಂಪು, ಮಲಗಿದ ನಾಯಿ ನಿಮಗೆ ಕಾಣದೇ ಹೋಗಬಹುದು. ಬೆಳಕು ಹರಿದ ಮೇಲೆ, ಸಮತಟ್ಟಾದ ಜಾಗದಲ್ಲಿ ನಡೆಯಿರಿ. ಕೆಳಭಾಗದ ನೋಟ ಹೋದವರಿಗೆ ಮೆಟ್ಟಿಲು ಇಳಿಯುವುದೇ ಕಷ್ಟ. ಭಾನುವಾರ ಚಿತ್ರದುರ್ಗದ ಕೋಟೆ ಹತ್ತುವ ಅಭ್ಯಾಸ ಇದ್ದವರು ಹತ್ತುವಾಗಿಗಿಂತ ಇಳಿಯುವಾಗ ಯಾರದಾದರೂ ತೋಳು ಹಿಡಿದುಕೊಳ್ಳಿ.

ಓಡುವ ಹುಡುಗರಿಗೆ ಒಂದು ಮಾತು. ಮೈನಸ್ ನಂಬರ್ ಕನ್ನಡಕ ಇರುವ ಕೆಲವು ಯುವಕರಲ್ಲಿ ಐರಿಸ್ಸಿನ ಹಿಂಬದಿಯ ಬಣ್ಣದ ಪುಡಿ ಉದುರಿ ಜರಡಿಗೆ ಸಿಕ್ಕಿಕೊಳ್ಳುತ್ತದೆ. ಪಿಗ್ಮೆಂಟ್ ಡಿಸ್ಪರ್ಷನ್ ಅಂತ ಇದರ ಹೆಸರು. ಇವರಿಗೆ ಜೋರಾಗಿ ಓಡಿದ ಮೇಲೆ, ಕುಣಿದ ಮೇಲೆ ಪ್ರೆಶರ್ ಇಳಿಯುವ ಬದಲು ಏರಬಹುದು. ಆಟ ಮುಗಿದ ಮೇಲೆ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ನೋಟ ಮಸುಕಾದರೆ ಹಾಗೇ ಬಿಡಬೇಡಿ. ಡಾಕ್ಟರಿಗೆ 'ಓಡಿದ ಮೇಲೆ ಹೀಗಾಗುತ್ತದೆ' ಎಂದೇ ಹೇಳಿ.

ಹಂತ 3: ಭಾರ ಎತ್ತುವವರು ಉಸಿರು ಕಲಿಯಿರಿ

ಗರಡಿ, ಜಿಮ್, ಹಮಾಲಿ ಕೆಲಸ ಮೂರನ್ನೂ ಒಂದೇ ಹಂತದಲ್ಲಿ ಇಟ್ಟಿದ್ದೇನೆ. ಕಣ್ಣಿಗೆ ಈ ಮೂರೂ ಒಂದೇ.

ಭಾರ ಎತ್ತುವಾಗ ನಾವು ಏನು ಮಾಡುತ್ತೇವೆ? ಎದೆ ತುಂಬ ಉಸಿರು ಎಳೆದು, ಗಂಟಲು ಮುಚ್ಚಿ, ಹೊಟ್ಟೆ ಬಿಗಿದು ಮುಕ್ಕರಿಯುತ್ತೇವೆ. ಎದೆಯೊಳಗೆ ಒತ್ತಡ ಏರಿ ತಲೆಯಿಂದ ಹೃದಯಕ್ಕೆ ವಾಪಸ್ ಬರುವ ರಕ್ತ ಅಲ್ಲೇ ತಡೆದು ನಿಲ್ಲುತ್ತದೆ. ಕುತ್ತಿಗೆಯ ರಕ್ತನಾಳ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ. ಕಣ್ಣಿನ ದ್ರವ ಕೊನೆಗೆ ಸೇರಬೇಕಾದದ್ದು ಇದೇ ರಕ್ತನಾಳಗಳಿಗೆ. ಅಲ್ಲಿ ಜಾಗವಿಲ್ಲದಿದ್ದರೆ ಒಳಗೇ ನಿಲ್ಲುತ್ತದೆ. ಕಣ್ಣಿನೊಳಗಿನ ರಕ್ತನಾಳದ ಪದರವೂ ಊದಿಕೊಳ್ಳುತ್ತದೆ. ಪ್ರೆಶರ್ ಕ್ಷಣದಲ್ಲಿ ಏರುತ್ತದೆ.

2006ರಲ್ಲಿ ಬ್ರೆಜಿಲ್‌ನ ವೈದ್ಯರು 30 ಆರೋಗ್ಯವಂತ ಗಂಡಸರಿಗೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡಿಸಿ ಅಳೆದ ಲೆಕ್ಕ ಪ್ರಕಟಿಸಿದರು. ಕೊನೆಯ ರೆಪ್‌ನಲ್ಲಿ, ಅಂದರೆ ಕೊನೆಯ ಸಲ ಎತ್ತುವಾಗ, ಉಸಿರು ಕಟ್ಟಿದಾಗ ಸರಾಸರಿ 4.3 ಅಂಕ ಏರಿತು. ಉಸಿರು ಬಿಡುತ್ತಾ ಮಾಡಿದಾಗ ಏರಿದ್ದು 2.2. ಅದೇ ಜನ, ಅದೇ ಭಾರ. ಏರಿಕೆ ಹತ್ತಿರತ್ತಿರ ಅರ್ಧಕ್ಕೆ ಇಳಿಯಿತು. ಇದನ್ನು ಸರಾಸರಿ ಅಂತಲೇ ಓದಿಕೊಳ್ಳಿ. ಕೆಲವರಲ್ಲಿ ಇದಕ್ಕಿಂತ ಬಹಳ ಜಾಸ್ತಿ ಏರುತ್ತದೆ.

ಭಾರ ಇಳಿಸಿದ ಕೂಡಲೇ ಪ್ರೆಶರ್ ಇಳಿಯುತ್ತದೆ, ನಿಜ. ಕಣ್ಣು ಚೆನ್ನಾಗಿರುವವರಿಗೆ ಇದರಿಂದ ಏನೂ ಆಗದು, ಅವರು ಹೆದರಿ ಜಿಮ್ ಬಿಡಬೇಕಿಲ್ಲ. ಈಗಾಗಲೇ ನರ ಸವೆದವರಿಗೆ ದಿನಾ ಹತ್ತಾರು ಸಲ ಈ ಏರಿಳಿತ ಯಾಕೆ ಬೇಕು?

ಹೀಗೆ ಮಾಡಿ:

1. ಎತ್ತುವಾಗ ಬಾಯಿಂದ ಉಸಿರು ಬಿಡಿ, ಇಳಿಸುವಾಗ ಮೂಗಿಂದ ಎಳೆಯಿರಿ. ಮರೆತುಹೋಗುತ್ತದೆ ಅನ್ನುವವರು ಎತ್ತುವಾಗ ಜೋರಾಗಿ 'ಒಂದು, ಎರಡು' ಅಂತ ಎಣಿಸಿ. ಮಾತಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ. ಹಳೇ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆಯುವಾಗ ಲಯಕ್ಕೆ 'ಹುಂ, ಹುಂ' ಅಂತ ಉಸಿರು ಬಿಡಿಸುವ ರೂಢಿ ಕಣ್ಣಿಗೂ ಒಳ್ಳೆಯದು.

2. ಭಾರ ಇಳಿಸಿ, ರೆಪ್ ಹೆಚ್ಚಿಸಿ. ಮುಖ ಕಿವುಚದೆ 12ರಿಂದ 15 ಸಲ ಎತ್ತುವಷ್ಟು ಭಾರ ಸಾಕು. 'ಇನ್ನೊಂದು ಹೊಡಿ, ಇನ್ನೊಂದು ಹೊಡಿ' ಅಂತ ಟ್ರೈನರ್ ಕೂಗುವ ಆ ಕೊನೆಯ ರೆಪ್ ನಿಮಗೆ ಬೇಡ. ಕೈ ಸೋಲುವವರೆಗೆ ಮಾಡಿದಷ್ಟೂ ಪ್ರೆಶರ್ ಏರುತ್ತದೆ.

3. ಮಲಗಿ ಎತ್ತುವ ಬದಲು ಕೂತು ಅಥವಾ ನಿಂತು ಮಾಡಿ. ತಲೆ ಕೆಳಗಿರುವ ಇಳಿಜಾರು ಬೆಂಚಿನ ಕಡೆ ಹೋಗಲೇಬೇಡಿ.

4. ಪ್ಲ್ಯಾಂಕ್, ಗೋಡೆಗೆ ಒರಗಿ ಕುರ್ಚಿಯಂತೆ ಕೂರುವುದು, ಇಂಥ ಅಲುಗಾಡದೆ ಹಿಡಿಯುವ ಕಸರತ್ತಿನಲ್ಲಿ ಸೆಕೆಂಡು ಕಳೆದಂತೆ ಪ್ರೆಶರ್ ಏರುತ್ತಾ ಹೋಗುತ್ತದೆ. ಹದಿನೈದು ಇಪ್ಪತ್ತು ಸೆಕೆಂಡಿಗೆ ಬಿಟ್ಟುಬಿಡಿ, ಉಸಿರಾಡಿ, ಬೇಕಾದರೆ ಮತ್ತೆ ಹಿಡಿಯಿರಿ.

5. ಕುತ್ತಿಗೆ ಸಡಿಲ ಇರಲಿ. ಬಿಗಿ ಕಾಲರ್, ಟೈ ಕೂಡ ರಕ್ತವನ್ನು ತಡೆದು ಪ್ರೆಶರ್ ಏರಿಸುತ್ತವೆ. ಕುಸ್ತಿಯಲ್ಲಿ ಕುತ್ತಿಗೆಗೆ ಪಟ್ಟು ಬೀಳುವುದು, ತಲೆಯ ಮೇಲೆ ಭಾರ ಹಾಕಿ ಬಿಲ್ಲಿನಂತೆ ಬಾಗುವುದು ಗ್ಲಾಕೋಮಾ ಇದ್ದವರಿಗೆ ಆಗಿಬರುವುದಿಲ್ಲ. ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ಇಳಿಯುವ ಆಸೆ ಇದ್ದವರಿಗೆ ಬೇಸರ ಆಗಬಹುದು. ಡಾಕ್ಟರನ್ನು ಕೇಳಿಯೇ ಇಳಿಯಿರಿ.

ಹಮಾಲಿ ಅಣ್ಣಂದಿರಿಗೆ 'ಭಾರ ಎತ್ತಬೇಡಿ' ಅಂತ ಹೇಳುವುದು ಸುಲಭ, ಅನ್ನ ಯಾರು ಹಾಕುತ್ತಾರೆ? ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ದಿನ ಬಿಟ್ಟರೂ ಕೂಲಿ ಹೋಯಿತು. ಆಗುವಷ್ಟನ್ನಾದರೂ ಮಾಡಿ. ಚೀಲವನ್ನು ನೆಲದಿಂದ ಒಬ್ಬರೇ ಎತ್ತಬೇಡಿ. ಇಬ್ಬರು ಹಿಡಿದು ಬೆನ್ನಿಗೆ ಏರಿಸಲಿ. ಮುಕ್ಕರಿಯುವುದು ಎಲ್ಲಕ್ಕಿಂತ ಜಾಸ್ತಿ ಆಗುವುದು ನೆಲ ಬಿಡಿಸುವ ಆ ಗಳಿಗೆಯಲ್ಲೇ. ಹೊತ್ತು ನಡೆಯುವಾಗ ಬಾಯಿ ತೆರೆದು ಉಸಿರಾಡಿ. ನರ ತುಂಬ ಸವೆದಿದೆ ಅಂತ ಡಾಕ್ಟರ್ ಹೇಳಿದ್ದರೆ, ತೂಕ ಹಾಕುವ, ಚೀಲ ಹೊಲಿಯುವ ಕೆಲಸಕ್ಕೆ ಬದಲಾಯಿಸಿಕೊಡಿ ಅಂತ ಮೇಸ್ತ್ರಿಗೆ ಕೇಳಿ. ಡಾಕ್ಟರ ಚೀಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಮುಕ್ಕರಿಯುವ ಇನ್ನೊಂದು ಜಾಗವನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಮಲಬದ್ಧತೆ ಇದ್ದವರು ಪಾಯಿಖಾನೆಯಲ್ಲಿ ಮಾಡುವುದೂ ಇದನ್ನೇ. ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡಿ, ಆಗದಿದ್ದರೆ ಔಷಧಿ ಕೇಳಿ. ವಾಲಗ ಊದುವವರು ಕೂಡ ತಮ್ಮ ಕಸುಬನ್ನು ಡಾಕ್ಟರಿಗೆ ಹೇಳಬೇಕು. ಬಲವಾಗಿ ಊದುವಾಗಲೂ ಪ್ರೆಶರ್ ಏರುತ್ತದೆ.

ಹಂತ 4: ಯೋಗದಲ್ಲಿ ಯಾವುದು ಬೇಕು, ಯಾವುದು ಬೇಡ

ಯೋಗ ಅಂದರೆ ಎಲ್ಲಕ್ಕೂ ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿ ಕೈಕೊಡುತ್ತದೆ. ಶೀರ್ಷಾಸನ ಹಾಕಿದರೆ ಕಣ್ಣಿಗೆ ರಕ್ತ ಹರಿದು ದೃಷ್ಟಿ ಚುರುಕಾಗುತ್ತದೆ ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು ಶೀರ್ಷಾಸನ ಹಾಕಿದ ಯೋಗಪಟುಗಳ ಕಣ್ಣು ಅಳೆದು 2006ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಹೇಳುತ್ತದೆ. ಆ ಭಂಗಿಯಲ್ಲಿ ಪ್ರೆಶರ್ ಸುಮಾರು ಎರಡು ಪಟ್ಟಾಗಿತ್ತು. 15 ಇದ್ದದ್ದು 30 ಆಯಿತು ಅಂದುಕೊಳ್ಳಿ. ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ ಬೇಡ. ಇದರಲ್ಲಿ 'ಸ್ವಲ್ಪ ಹೊತ್ತು ಪರವಾಗಿಲ್ಲ' ಅನ್ನುವ ಮಾತಿಲ್ಲ.

ಬಿಡಬೇಕಾದ ಇನ್ನಷ್ಟು ಆಸನ: ಸರ್ವಾಂಗಾಸನ, ಹಲಾಸನ, ಗೋಡೆಗೆ ಕಾಲು ಚಾಚಿ ಸೊಂಟ ಎತ್ತುವ ವಿಪರೀತಕರಣಿ, ಅಧೋಮುಖ ಶ್ವಾನಾಸನ. ಕೈಕಾಲು ಊರಿ ಸೊಂಟ ಮೇಲೆತ್ತಿ ತಲೆ ಇಳಿಬಿಡುವ ಈ ಕೊನೆಯದು ನೋಡಲು ಸಾಧು, ಆದರೆ ಒಂದೇ ನಿಮಿಷದಲ್ಲಿ ಸುಮಾರು 10 ಅಂಕ ಏರಿಸಿದ್ದು ದಾಖಲಾಗಿದೆ. ಎದ್ದು ಕೂತ ಕೆಲವೇ ನಿಮಿಷದಲ್ಲಿ ಇಳಿಯಿತು ಅನ್ನುವುದೂ ದಾಖಲಾಗಿದೆ.

ಸೂರ್ಯನಮಸ್ಕಾರದ ಬಗ್ಗೆ ತುಂಬ ಜನ ಕೇಳುತ್ತಾರೆ. ಅದರಲ್ಲಿ ಪಾದಹಸ್ತಾಸನ, ಪರ್ವತಾಸನ ಎರಡರಲ್ಲೂ ತಲೆ ಹೃದಯಕ್ಕಿಂತ ಕೆಳಗೆ ಬರುತ್ತದೆ. ಪೂರ್ತಿ ಬಿಡಲು ಮನಸ್ಸಿಲ್ಲದವರು ಮುಂದೆ ಬಾಗುವಾಗ ಕೈಯನ್ನು ನೆಲದ ಬದಲು ಕುರ್ಚಿಯ ಮೇಲೆ ಊರಿ, ತಲೆ ಸೊಂಟದ ಮಟ್ಟದಿಂದ ಕೆಳಗೆ ಹೋಗದ ಹಾಗೆ ಮಾಡಿಕೊಳ್ಳಿ. ಕ್ಲಾಸಿನಲ್ಲಿ ಎಲ್ಲರೂ ಬಾಗಿದಾಗ ನಾನೊಬ್ಬಳೇ ಹೇಗೆ ನಿಲ್ಲಲಿ ಅನ್ನುವ ನಾಚಿಕೆ ಬೇಡ. ಗುರುಗಳಿಗೆ ಮೊದಲೇ ಹೇಳಿಬಿಡಿ.

ಪ್ರಾಣಾಯಾಮದಲ್ಲಿ ಉಸಿರು ಹಿಡಿದಿಡುವ ಕುಂಭಕ, ಹೊಟ್ಟೆಯನ್ನು ಝಾಡಿಸುವ ಭಸ್ತ್ರಿಕಾ, ಕಪಾಲಭಾತಿಗಳನ್ನು ಡಾಕ್ಟರ್ ಒಪ್ಪದೆ ಮಾಡಬೇಡಿ. ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವ ಅನುಲೋಮ ವಿಲೋಮ, ಭ್ರಾಮರಿ ಸಾಕು. ತಾಡಾಸನ, ವಜ್ರಾಸನ, ಕೂತು ಮಾಡುವ ತಿರುಚುಗಳಿಗೆ ಅಡ್ಡಿಯಿಲ್ಲ.

ಧ್ಯಾನದ ಬಗ್ಗೆ ಒಂದು ಸಿಹಿ ಸುದ್ದಿ ಇದೆ. ದೆಹಲಿಯ ಏಮ್ಸ್ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ದಿನ ಧ್ಯಾನ ಮಾಡಿದ ಗ್ಲಾಕೋಮಾ ರೋಗಿಗಳ ಪ್ರೆಶರ್ ಚೆನ್ನಾಗಿ ಇಳಿದಿತ್ತು. ಅವರು ಔಷಧಿಯ ಜೊತೆಗೆ ಧ್ಯಾನ ಮಾಡಿದವರು ಅನ್ನುವುದು ನೆನಪಿರಲಿ. ಇನ್ನು ಗುಡ್ಡೆ ಹೊರಳಿಸುವುದು, ಅಂಗೈ ಉಜ್ಜಿ ಕಣ್ಣಿಗೆ ಇಡುವುದು ಇವುಗಳಿಂದ ದಣಿವು ಆರಬಹುದು, ಗ್ಲಾಕೋಮಾ ವಾಸಿಯಾಗುವುದಿಲ್ಲ. ಅಂಗೈಯಿಂದ ಕಣ್ಣನ್ನು ಒತ್ತುವುದು, ತಿಕ್ಕುವುದು ಮಾತ್ರ ಖಂಡಿತ ಬೇಡ.

ಹಂತ 5: ಈಜು, ಚೆಂಡಾಟ

ಈಜಬಹುದು. ಈಜುವಾಗ ಹಾಕುವ ಕನ್ನಡಕ ಸಣ್ಣದಾಗಿ, ಕಣ್ಣಿನ ಸುತ್ತ ಬಿಗಿಯಾಗಿ ಕಚ್ಚಿಕೊಳ್ಳುವಂತಿದ್ದರೆ ಅದೇ ಕೆಲವು ಅಂಕ ಏರಿಸುತ್ತದೆ. ಮೂಳೆಯ ಮೇಲೆ ಕೂರುವ ದೊಡ್ಡ ಅಂಚಿನದು ತಗೊಳ್ಳಿ, ಪಟ್ಟಿ ಸಡಿಲಿಸಿ.

ಕ್ರಿಕೆಟ್ ಚೆಂಡು, ಶಟಲ್, ಕಬಡ್ಡಿಯ ಮೊಣಕೈ ಎಂದಾದರೂ ಕಣ್ಣಿಗೆ ಬಲವಾಗಿ ಬಡಿದಿದ್ದರೆ, ಅದು ಹತ್ತು ವರ್ಷದ ಹಿಂದಿನ ಮಾತಾದರೂ ಡಾಕ್ಟರಿಗೆ ಹೇಳಿ. ಪೆಟ್ಟಿಗೆ ಜರಡಿಯ ಮೂಲೆ ಹರಿದು, ಎಷ್ಟೋ ವರ್ಷಗಳ ಮೇಲೆ ಪ್ರೆಶರ್ ಏರುವುದುಂಟು.

ಹಂತ 6: ಡ್ರಾಪ್ಸ್ ಮತ್ತು ವ್ಯಾಯಾಮವನ್ನು ಹೊಂದಿಸಿ

ಅತಿ ದೊಡ್ಡ ತಪ್ಪು ಇಲ್ಲೇ ಆಗುವುದು. ಮೂರು ತಿಂಗಳು ನಡೆದು, ಪ್ರೆಶರ್ 16ಕ್ಕೆ ಬಂದಿದ್ದು ನೋಡಿ, 'ವಾಕಿಂಗಿಂದಲೇ ಇಳಿಯಿತು' ಅಂತ ಡ್ರಾಪ್ಸ್ ಬಿಟ್ಟುಬಿಡುತ್ತಾರೆ. ಇಳಿಸಿದ್ದರಲ್ಲಿ ಡ್ರಾಪ್ಸ್‌ನ ಪಾಲು ದೊಡ್ಡದು. ಅದನ್ನು ನಿಲ್ಲಿಸಿದ್ದರಿಂದ ನಿಮಗೆ ನೋವಾಗುವುದಿಲ್ಲ, ನೋಟ ಮಸುಕಾಗುವುದಿಲ್ಲ. ಹಾಗಾಗಿಯೇ ತಪ್ಪು ಗೊತ್ತಾಗುವುದಿಲ್ಲ.

ಟಿಮೊಲೋಲ್ ಇರುವ ಡ್ರಾಪ್ಸ್ ಹಾಕುವವರು ಒಂದು ವಿಷಯ ತಿಳಿದಿರಲಿ. ಕಣ್ಣಿಗೆ ಹಾಕಿದ ಹನಿ ಮೂಗಿನ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತ ನಿಧಾನಿಸಬಹುದು. ಏರು ಹತ್ತುವಾಗ ಬೇಗ ಸುಸ್ತು, ತಲೆ ತಿರುಗು ಬಂದರೆ ವಯಸ್ಸಾಯಿತು ಅಂದುಕೊಳ್ಳದೆ ಡಾಕ್ಟರಿಗೆ ಹೇಳಿ. ದಮ್ಮು, ಆಸ್ತಮಾ ಇದ್ದವರು ಹನಿ ಬರೆಯುವ ಮುಂಚೆಯೇ ತಿಳಿಸಬೇಕು. ಕೈ ಗಡಿಯಾರದಲ್ಲಿ ನಾಡಿ ನೋಡಿ ವ್ಯಾಯಾಮ ಮಾಡುವವರಿಗೆ ಲೆಕ್ಕ ತಪ್ಪುವುದೂ ಇದರಿಂದಲೇ.

ಹಾಕುವ ಕ್ರಮ: ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿಯಿರಿ. ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ಹಾಕಿದ ಕೂಡಲೇ ಬೆವರು ಸುರಿಸುವ ಕೆಲಸಕ್ಕೆ ಇಳಿಯಬೇಡಿ, ಹತ್ತು ನಿಮಿಷ ತಡೆಯಿರಿ.

ಧೂಳು, ಬೆವರಿಗೆ ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನಲ್ಲಿ 'ಏನಾದರೂ ಹನಿ ಕೊಡಿ' ಅಂತ ಕೇಳುವ ಅಭ್ಯಾಸ ಬಿಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದು, ವಾರಗಟ್ಟಲೆ ಹಾಕಿಕೊಂಡರೆ, ಇಡೀ ವರ್ಷ ನಡೆದು ಇಳಿಸಿದ್ದಕ್ಕಿಂತ ಜಾಸ್ತಿ ಏರಿಸಿಬಿಡುತ್ತದೆ.

ಹಂತ 7: ಯಾರು ನಿಲ್ಲಿಸಬೇಕು, ಯಾವಾಗ ಓಡಬೇಕು

ಗ್ಲಾಕೋಮಾಕ್ಕೆ ಆಪರೇಷನ್ ಆದವರು ಡಾಕ್ಟರ್ ಹೇಳುವವರೆಗೆ ಭಾರ ಎತ್ತುವುದು, ಬಾಗುವುದು, ಈಜುವುದು ಎಲ್ಲ ಬಿಡಬೇಕು. ಸಾಮಾನ್ಯವಾಗಿ ಕೆಲವು ವಾರ. ಆಗ ಪ್ರೆಶರ್ ಬಹಳ ಕೆಳಗಿದ್ದು, ಸಣ್ಣ ಮುಕ್ಕರಿಕೆಗೂ ಕಣ್ಣೊಳಗೆ ರಕ್ತ ಬರಬಹುದು. ಮನೆಯೊಳಗೆ ಮೆಲ್ಲಗೆ ಓಡಾಡಲು ತೊಂದರೆಯಿಲ್ಲ. ಶುಗರ್‌ನಿಂದ ರೆಟಿನಾದಲ್ಲಿ (ಕಣ್ಣಿನ ಹಿಂಭಾಗದ ಪರದೆ) ರಕ್ತ ಸೋರುತ್ತಿದೆ ಅಂದಿದ್ದರೆ ಭಾರದ ವ್ಯಾಯಾಮಕ್ಕೆ ಪ್ರತ್ಯೇಕ ಅನುಮತಿ ಬೇಕು.

ಆಂಗಲ್ ಕಿರಿದಾಗಿದೆ, ಲೇಸರ್ ಮಾಡಬೇಕು ಅಂದಿದ್ದರೆ ಮೊದಲು ಲೇಸರ್, ಆಮೇಲೆ ವ್ಯಾಯಾಮ. ಇಂಥವರಿಗೆ ಯಾವಾಗಲಾದರೂ ಒಂದು ಕಣ್ಣಲ್ಲಿ ಸಿಡಿಯುವಂಥ ನೋವು, ಕಣ್ಣು ಕೆಂಪು, ದೀಪದ ಸುತ್ತ ಕಾಮನಬಿಲ್ಲಿನ ಬಳೆ, ಮಸುಕು, ವಾಂತಿ ಒಟ್ಟಿಗೆ ಬಂದರೆ ಅದು ತುರ್ತು. ಎಷ್ಟೋ ಜನ ಪಿತ್ತ, ತಲೆಶೂಲೆ ಅಂತ ಮಾತ್ರೆ ನುಂಗಿ ರಾತ್ರಿ ಕಳೆಯುತ್ತಾರೆ. ಬೆಳಗಿನ ಓಪಿಡಿಗೆ ಕಾಯಬೇಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಹತ್ತಿರದ ಯಾವುದೇ ಕಣ್ಣಿನ ಆಸ್ಪತ್ರೆಗೋ ಅದೇ ಗಳಿಗೆಯಲ್ಲಿ ಹೋಗಿ, 'ಕಣ್ಣಿನ ಪ್ರೆಶರ್ ನೋಡಿ' ಅಂತ ಬಾಯಿಬಿಟ್ಟು ಕೇಳಿ.

ಹಂತ 8: ಮುಂದಿನ ತಪಾಸಣೆಗೆ ಹೀಗೆ ಬನ್ನಿ

ವಾಕಿಂಗ್ ಮುಗಿಸಿ ಅದೇ ಶೂನಲ್ಲಿ ಆಸ್ಪತ್ರೆಗೆ ಬರಬೇಡಿ. ಆಗ ಬರುವ ಅಂಕ ನಿಜಕ್ಕಿಂತ ಕಡಿಮೆ ಇರುತ್ತದೆ, ಡಾಕ್ಟರ್ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ವ್ಯಾಯಾಮ ಆಗಿ ಎರಡು ಗಂಟೆಯಾದರೂ ಕಳೆದಿರಲಿ. ಬರುವ ದಿನವೂ ಡ್ರಾಪ್ಸ್ ಹಾಕಿಕೊಂಡೇ ಬನ್ನಿ. 'ಇವತ್ತು ಟೆಸ್ಟ್ ಇದೆಯಲ್ಲ ಅಂತ ಹಾಕಲಿಲ್ಲ' ಅನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಒಂದು ಸಲ ಬೆಳಗ್ಗೆ, ಇನ್ನೊಂದು ಸಲ ಸಂಜೆ ಅಪಾಯಿಂಟ್‌ಮೆಂಟ್ ಕೇಳಿ, ಏರಿಳಿತ ಗೊತ್ತಾಗಲಿ. ಕುರ್ತಾ, ಚೂಡಿದಾರ, ಅಂಗಿ ಯಾವುದಾದರೂ ಸರಿ, ಕುತ್ತಿಗೆ ಸಡಿಲ ಇರುವುದನ್ನು ಹಾಕಿಕೊಳ್ಳಿ. ಹಳೆಯ ಫೀಲ್ಡ್ ಟೆಸ್ಟ್ ಹಾಳೆಗಳನ್ನು ಮಡಚಿ ಕಪಾಟಿನಲ್ಲಿ ಇಡಬೇಡಿ, ತನ್ನಿ. ಒಂದರ ಪಕ್ಕ ಒಂದು ಇಟ್ಟು ನೋಡಿದಾಗಲೇ ನರ ನಿಂತಿದೆಯಾ, ಜಾರುತ್ತಿದೆಯಾ ತಿಳಿಯುವುದು. ಮತ್ತೆ, ನೀವು ಮಾಡುವ ವ್ಯಾಯಾಮ ಯಾವುದು, ವಾರಕ್ಕೆ ಎಷ್ಟು ದಿನ, ಎಷ್ಟು ಭಾರ ಎತ್ತುತ್ತೀರಿ, ಯಾವ ಆಸನ ಹಾಕುತ್ತೀರಿ ಅನ್ನುವುದನ್ನು ಅದೇ ಫೈಲಿನ ಮೇಲೆ ಬರೆದಿಡಿ. ಡಾಕ್ಟರುಗಳು ಗಡಿಬಿಡಿಯಲ್ಲಿ ಕೇಳುವುದನ್ನು ಮರೆಯುತ್ತಾರೆ. ನೀವೇ ಮುಂದಾಗಿ ತೋರಿಸಿ.